ಕಡಲಾಚೆಯ ಸಂಸಾರ

ಗಂಡಹೆಂಡಿರಿಬ್ಬರನ್ನೂ ಸೇರಿಸಿ ಹೇಳುವಾಗ ನಾವು ದಂಪತಿಗಳೆನ್ನುತ್ತೇವೆ. ಈ ಪದದ ಮೊದಲಿನ 'ದಂ' ಎಂಬ ಭಾಗಕ್ಕೆ ವೇದಭಾಷೆಯಲ್ಲಿ ಮನೆಯೆಂದು ಅರ್ಥ. ಆದುದರಿಂದ ದಂಪತಿಗಳೆಂದರೆ ಮನೆಗೆ ಒಡೆಯರಾದ ಇಬ್ಬರು. ಗಂಡಹೆಂಡಿರೆಂಬ ಅರ್ಥದಲ್ಲಿ ಈ ಶಬ್ದಕ್ಕೆ ಸಂಸ್ಕೃತದಲ್ಲಿ ದ್ವಿವಚನವಲ್ಲದೆ ಏಕವಚನವಿಲ್ಲ. ಒಬ್ಬನೇ ಒಡೆಯನಾಗಿ ಇನ್ನೊಬ್ಬಳು ಆಳಾಗಿದ್ದರೆ ಆ ಶಬ್ದವು ಅಲ್ಲಿ ಸಲ್ಲದು. ವೈಯಾಕರಣರ ಈ ನಿಯಮವು ಬಾಳಿನಲ್ಲಿಯೂ ನಿಜವೆಂಬುದನ್ನು ಪರೀಕ್ಷಿಸಿ ನೋಡಬೇಕಾದರೆ, ಹುಟ್ಟಿದ ಊರು, ಅತ್ತೆಮಾವಂದಿರು, ತವರುಮನೆ, ನೆರೆಹೊರೆ ಇವೆಲ್ಲವನ್ನೂ ಬಿಟ್ಟು ಇಬ್ಬರೇ ಕಡಲಾಚೆ ಹೋಗಿ ಮನೆ ಹೂಡಿದವರ ಬಾಳನ್ನು ನೋಡಬೇಕು.

ಇಂದು ನಮ್ಮ ನಾಡಿನ ಎಷ್ಟೋ ಮನೆಗಳಲ್ಲಿ ಮಗನೂ ಸೊಸೆಯೂ, ಇಲ್ಲವೆ ಮಗಳೂ ಅಳಿಯನೂ ಪರದೇಶದಲ್ಲಿರುವರು. ರಾತ್ರಿ ಊಟವಾದ ಮೇಲೆ ಹಿರಿಯರು ಫೋನಿನ ಪರದೆಯ ಮುಂದೆ ಕುಳಿತು ಮೊಮ್ಮಕ್ಕಳ ಮುಖವನ್ನು ನೋಡಿ ತೃಪ್ತಿಪಡುವರು. ಅಂಥ ಮನೆಗಳಿಗೆ ಹೋದಾಗ ನನಗೆ ಎರಡು ಬಗೆಯ ಮಾತುಗಳು ಕೇಳಿಬರುತ್ತವೆ: ಮಕ್ಕಳು ಎಷ್ಟು ಸಂಪಾದಿಸುತ್ತಾರೆಂಬ ಹೆಮ್ಮೆ ಒಂದು, ನಮ್ಮ ಆಚಾರಗಳನ್ನು ಮರೆತಾರೆಂಬ ಭಯ ಇನ್ನೊಂದು. ಆ ಇಬ್ಬರು ಒಬ್ಬರಿಗೊಬ್ಬರು ಹೇಗಿದ್ದಾರೆಂಬ ಪ್ರಶ್ನೆಯನ್ನು ಕೇಳುವವರು ವಿರಳ. ಆ ಪ್ರಶ್ನೆಯ ಸಲುವಾಗಿಯೇ ಈ ತಿಂಗಳು ವಾಚಕರ ಮುಂದೆ ಒಂದು ಸಂಸಾರದ ಕಥೆಯನ್ನಿಡುತ್ತೇನೆ. ಇದು ಎಲ್ಲರೂ ಬಲ್ಲ ಮನೆತನ. ಆದರೆ ನಾವು ಅವರನ್ನು ಮಹಾತ್ಮರೆಂದೂ ಬಾ ಎಂದೂ ಪೂಜಿಸಿ, ಅವರೂ ಒಂದು ಕಾಲಕ್ಕೆ ಪರದೇಶದಲ್ಲಿ ಮನೆಮಾಡಿಕೊಂಡಿದ್ದ ತರುಣ ಗೃಹಸ್ಥರಾಗಿದ್ದರೆಂಬುದನ್ನು ಮರೆತಿದ್ದೇವೆ.

ಮೋಹನದಾಸ ಗಾಂಧಿಯವರೂ ಕಸ್ತೂರಬಾಯಿಯವರೂ ಒಂದೇ ವರ್ಷ, 1869ರಲ್ಲಿ, ಪೋರಬಂದರದಲ್ಲಿ ಹುಟ್ಟಿದವರು. ಮದುವೆಯಾದಾಗ ಇಬ್ಬರೂ ಸುಮಾರು ಹದಿಮೂರು ವರ್ಷದ ಮಕ್ಕಳು. ಗಂಡನು 1888ರಲ್ಲಿ ಬ್ಯಾರಿಸ್ಟರ್ ಪರೀಕ್ಷೆಗಾಗಿ ಇಂಗ್ಲೆಂಡಿಗೆ ಹೋಗಿ 1891ರಲ್ಲಿ ಹಿಂದಿರುಗಿದನು. 1893ರಲ್ಲಿ ದಾದಾ ಅಬ್ದುಲ್ಲಾ ಅವರ ವ್ಯಾಪಾರಸಂಸ್ಥೆಯ ವ್ಯಾಜ್ಯದ ಸಲುವಾಗಿ ದಕ್ಷಿಣ ಆಫ್ರಿಕಕ್ಕೆ ಹೋದನು. ಹೆಂಡತಿಯು ಮಕ್ಕಳೊಡನೆ ರಾಜಕೋಟೆಯ ಅವಿಭಕ್ತ ಕುಟುಂಬದಲ್ಲಿಯೇ ಉಳಿದಳು. ಹೀಗೆ ಮದುವೆಯಾಗಿ ಹದಿಮೂರು ಹದಿನಾಲ್ಕು ವರ್ಷ ಕಳೆದರೂ, ಇಬ್ಬರೇ ಒಂದು ಮನೆಯ ಭಾರವನ್ನು ಹೊತ್ತು ಬಾಳಿದ್ದೆಂಬುದು ಅವರಿಗೆ ಇರಲಿಲ್ಲ. 1896ರ ಕೊನೆಯಲ್ಲಿ ಹೆಂಡತಿ, ಇಬ್ಬರು ಗಂಡುಮಕ್ಕಳು, ವಿಧವೆಯಾದ ಅಕ್ಕನ ಮಗ ಇವರನ್ನು ಕರೆದುಕೊಂಡು ಗಾಂಧಿಯವರು ಕೂರ್ಲೆಂಡ್ ಎಂಬ ಹಡಗನ್ನೇರಿದಾಗಲೇ ಅವರ ನಿಜವಾದ ಗೃಹಸ್ಥಾಶ್ರಮವು ಮೊದಲಾಯಿತೆನ್ನಬೇಕು.

ಹೊರಡುವ ಮೊದಲೇ ಉಡುಪಿನ ಚರ್ಚೆ ಎದ್ದಿತು. ಬಿಳಿಯರ ನಾಡಿನಲ್ಲಿ ಮರ್ಯಾದೆಯಿಂದ ಕಾಣಬೇಕಾದರೆ ಪಾರಸಿಯವರಂತೆ ಉಡಬೇಕೆಂದು ಗಂಡನ ನಿರ್ಣಯ. ಅದರಂತೆ ಹೆಂಡತಿಗೆ ಪಾರಸಿ ರೀತಿಯ ಸೀರೆ. ಮಕ್ಕಳಿಗೆ ಪಾರಸಿ ಕೋಟು ಮತ್ತು ಷರಾಯಿ. ಎಲ್ಲರಿಗೂ ಕಾಲುಚೀಲ, ಬೂಟು. ಬೂಟುಗಳು ಕಾಲನ್ನು ಕಚ್ಚಿದುವು, ಕಾಲುಚೀಲಗಳು ಬೆವರಿನಿಂದ ನಾರಿದುವು. ಊಟಕ್ಕೆ ಚೂರಿಮುಳ್ಳುಗಳನ್ನು ಹಿಡಿಯುವ ಅಭ್ಯಾಸವನ್ನೂ ಮಾಡಿಸಿದರು. ಮುಂದೆ ಗಾಂಧಿಯವರು ತಮ್ಮ ಆತ್ಮಕಥೆಯಲ್ಲಿ ಇದೆಲ್ಲವನ್ನೂ ಮರೆಮಾಚದೆ ಬರೆದಿರುವರು. ಇಲ್ಲಿ ಗಮನಿಸಬೇಕಾದುದು ಇಷ್ಟೇ: ನಿರ್ಣಯವು ಒಬ್ಬರದು, ಕಾಲು ನೊಂದದ್ದು ಎಲ್ಲರದು.

ದಾರಿಯಲ್ಲಿ ಭಾರಿ ಬಿರುಗಾಳಿಯೆದ್ದು ಹಡಗು ತತ್ತರಿಸಿತು. ಡರ್ಬನ್ ಬಂದರನ್ನು ಮುಟ್ಟಿದ ಮೇಲೂ ಇಳಿಯಲು ಅಪ್ಪಣೆ ಸಿಕ್ಕಲಿಲ್ಲ. ಮುಂಬಯಿಯಲ್ಲಿ ಪ್ಲೇಗು ಇದ್ದುದನ್ನು ನೆಪಮಾಡಿಕೊಂಡು ಅಲ್ಲಿನ ಅಧಿಕಾರಿಗಳು ಹಡಗನ್ನು 23 ದಿನಗಳ ಕಾಲ ನೀರಿನಲ್ಲಿಯೇ ನಿಲ್ಲಿಸಿದರು. ಹಿಂದೂಸ್ಥಾನದವರು ಬರಕೂಡದೆಂದು ಊರಿನ ಬಿಳಿಯರು ಕೂಗಾಡುತ್ತಿದ್ದರು. ಕೊನೆಗೆ 1897ನೆಯ ಜನವರಿ 13ರಂದು ಇಳಿದಾಗ ಕಸ್ತೂರಬಾಯಿಯವರನ್ನೂ ಮಕ್ಕಳನ್ನೂ ಗಾಡಿಯಲ್ಲಿ ಮುಂದಾಗಿ ರುಸ್ತುಮ್‌ಜೀ ಎಂಬ ಪಾರಸಿ ಮಿತ್ರರ ಮನೆಗೆ ಕಳುಹಿಸಿದರು. ಹಿಂದಿನಿಂದ ನಡೆದುಬಂದ ಗಾಂಧಿಯವರ ಮೇಲೆ ಗುಂಪು ಬಿದ್ದು ಕಲ್ಲು, ಕೊಳೆತ ಮೊಟ್ಟೆಗಳನ್ನೆಸೆದು ಹೊಡೆಯಿತು. ಪೋಲೀಸ್ ಸೂಪರಿಂಟೆಂಡೆಂಟ್ ಅಲೆಕ್ಸಾಂಡರರ ಪತ್ನಿಯು ದಾರಿಯಲ್ಲಿ ಬರುತ್ತಿದ್ದವಳು ತನ್ನ ಕೊಡೆಯನ್ನು ಬಿಚ್ಚಿ ಅಡ್ಡಹಿಡಿದು ನಿಂತಳು. ಹೊಸ ದೇಶದಲ್ಲಿ ಕಾಲಿಟ್ಟ ಮೊದಲ ಸಾಯಂಕಾಲ ಆ ಗೃಹಿಣಿಯು ಕಂಡದ್ದು ಗಾಯಗೊಂಡ ಗಂಡನನ್ನು. ಕೇಳಿದ್ದು ಬಾಗಿಲ ಹೊರಗಿನ ಗುಂಪಿನ ಕೂಗನ್ನು. ಆಕೆಗೆ ಆ ನಾಡಿನ ಭಾಷೆ ಬಾರದು, ಆ ಕೂಗಿನ ಮಾತುಗಳು ತಿಳಿಯವು. ಅರ್ಥವು ಮಾತ್ರ ತಿಳಿಯದೆ ಇರಲಾರದು.

ಆಮೇಲೆ ಡರ್ಬನಿನಲ್ಲಿ ಸಂಸಾರ ನೆಲೆಗೊಂಡಿತು. ಮನೆಯೇನೋ ದೊಡ್ಡದು, ಬ್ಯಾರಿಸ್ಟರ ವರಮಾನವೂ ಚೆನ್ನಾಗಿತ್ತು. ಗುಮಾಸ್ತರು ಕೆಲವರು ಮನೆಯಲ್ಲಿಯೇ ಇರುತ್ತಿದ್ದರು. ಕೋಣೆಗಳಿಗೆ ಬಚ್ಚಲಿಲ್ಲದ ಕಾರಣ ರಾತ್ರಿಯ ಮೂತ್ರದ ಪಾತ್ರೆಗಳನ್ನು ಗಂಡಹೆಂಡಿರೇ ಎತ್ತಿ ಚೆಲ್ಲುವ ಪದ್ಧತಿಯನ್ನು ಗಾಂಧಿಯವರು ಹಾಕಿದ್ದರು. ಪಂಚಮಕುಲದಲ್ಲಿ ಹುಟ್ಟಿದ ಒಬ್ಬ ಕ್ರೈಸ್ತ ಗುಮಾಸ್ತನ ಪಾತ್ರೆಯ ಸರದಿ ಬಂದಾಗ ಕಸ್ತೂರಬಾಯಿಯವರು ಕಣ್ಣೀರಿಡುತ್ತ ಅದನ್ನೆತ್ತಿಕೊಂಡು ಮೆಟ್ಟಿಲಿಳಿದರು. ಅಳುತ್ತ ಮಾಡಿದರೆ ಸಾಲದು, ನಗುತ್ತ ಮಾಡಬೇಕೆಂದು ಗಂಡನ ಗದರಿಕೆ. ಹಾಗಾದರೆ ನಿಮ್ಮ ಮನೆಯನ್ನು ನೀವೇ ಇಟ್ಟುಕೊಳ್ಳಿರೆಂದು ಹೆಂಡತಿಯ ಉತ್ತರ. ಗಂಡನು ಕೋಪದಿಂದ ಆಕೆಯ ಕೈಹಿಡಿದು ಎಳೆದುಕೊಂಡು ಹೋಗಿ ಹೊರಬಾಗಿಲನ್ನು ತೆರೆಯಹೊರಟನು. ಇದು 1898ರ ಸಂಗತಿ.

ಅಸ್ಪೃಶ್ಯತೆಯ ವಿಷಯದಲ್ಲಿ ಗಂಡನ ಪಕ್ಷವೇ ಸರಿ, ಅದರಲ್ಲಿ ಸಂದೇಹವಿಲ್ಲ. ಆದರೆ ಗೇಟಿನ ಬಳಿ ಆಕೆ ಕೇಳಿದ ಪ್ರಶ್ನೆಯನ್ನು ವಾಚಕರು ಮನಸ್ಸಿನಲ್ಲಿಡಬೇಕು. ನಿಮಗೆ ನಾಚಿಕೆಯಿಲ್ಲವೇ, ಇಲ್ಲಿ ನನಗೆ ತಂದೆತಾಯಿಗಳೇ ಬಂಧುಗಳೇ, ನಾನು ಹೋಗುವುದಾದರೂ ಎಲ್ಲಿಗೆ ಎಂಬ ಅಭಿಪ್ರಾಯದ ಮಾತನ್ನಾಡಿ, ಬಾಗಿಲು ಮುಚ್ಚಿರೆಂದಳು. ರಾಜಕೋಟೆಯಲ್ಲಿ ಈ ಜಗಳ ನಡೆದಿದ್ದರೆ ಅತ್ತಿಗೆಯೊಬ್ಬಳು ನಡುವೆ ಬರುತ್ತಿದ್ದಳು. ಇಲ್ಲವೆ ನಾಲ್ಕು ದಿನ ತವರಿಗೆ ಹೋಗಿ ಬಂದರೆ ಕೋಪವಿಳಿಯುತ್ತಿತ್ತು. ಪರದೇಶದಲ್ಲಿ ತವರುಮನೆಯಿಲ್ಲ, ಜಗಲಿಯ ಮೇಲೆ ಕುಳಿತು ಬುದ್ಧಿಹೇಳುವ ಹಿರಿಯರಿಲ್ಲ. ಅಲ್ಲಿ ಗಂಡನು ಗಂಡನಷ್ಟೇ ಆಗಿದ್ದರೆ ಸಾಲದು. ತವರೂ ನೆರೆಯೂ ನ್ಯಾಯಸ್ಥಾನವೂ ಆತನೇ ಆಗಬೇಕಾಗುವುದು. ಗೃಹಿಣಿಯೇ ಗೃಹವೆಂದು ನಮ್ಮ ಹಿರಿಯರು ಹೇಳಿರುವರು. ಗೃಹವನ್ನೇ ಗೇಟಿನಿಂದ ಹೊರಗೆ ನೂಕುವವನು ತಾನು ಎಲ್ಲಿ ವಾಸಮಾಡುವನು? ಗಾಂಧಿಯವರು ನಾಚಿ ಬಾಗಿಲು ಮುಚ್ಚಿದರು.

ಅದೇ ಗಂಡನು ಆರೈಕೆಯಲ್ಲಿ ಎಂಥವನಾಗಿದ್ದನೆಂಬುದನ್ನೂ ಹೇಳದಿದ್ದರೆ ಅನ್ಯಾಯವಾದೀತು. ರಾಮದಾಸ, ದೇವದಾಸರೆಂಬ ಕೊನೆಯ ಇಬ್ಬರು ಮಕ್ಕಳು ದಕ್ಷಿಣ ಆಫ್ರಿಕದಲ್ಲಿ ಹುಟ್ಟಿದರು. ಬಾಣಂತನಕ್ಕೆ ತಾಯಿಯಿಲ್ಲ, ಅತ್ತೆಯಿಲ್ಲ. ಗಾಂಧಿಯವರು ಗುಜರಾತಿ ಭಾಷೆಯ ಶಿಶುಪೋಷಣೆಯ ಪುಸ್ತಕವೊಂದನ್ನು ಮೊದಲಿನಿಂದ ಕೊನೆಯವರೆಗೆ ಓದಿಟ್ಟುಕೊಂಡಿದ್ದರು. 1900ರಲ್ಲಿ ದೇವದಾಸನು ಹುಟ್ಟುವಾಗ ನೋವು ಫಕ್ಕನೆ ಮೊದಲಾಗಿ, ಡಾಕ್ಟರಾಗಲಿ ಸೂಲಗಿತ್ತಿಯಾಗಲಿ ಬರುವಷ್ಟು ಹೊತ್ತಿಲ್ಲದೆ, ತಾವೇ ಹೆರಿಗೆ ಮಾಡಿಸಿದರು. ಮಗುವಿಗೆ ನೀರೆರೆಯುವ ಕೆಲಸವನ್ನೂ ಮಾಡಿದರು.

1901ರಲ್ಲಿ ಊರಿಗೆ ಹಿಂದಿರುಗುವಾಗ ಅಲ್ಲಿನ ಭಾರತೀಯರು ಬೆಳ್ಳಿಬಂಗಾರಗಳ ಕಾಣಿಕೆಗಳನ್ನಿತ್ತರು. ಅವುಗಳಲ್ಲಿ ಕಸ್ತೂರಬಾಯಿಯವರಿಗೆಂದೇ ಕೊಟ್ಟ ಐವತ್ತು ಗಿನಿ ಬೆಲೆಯ ಚಿನ್ನದ ಹಾರವೊಂದಿತ್ತು. ಸಾರ್ವಜನಿಕ ಸೇವೆಗೆ ಬೆಲೆ ತೆಗೆದುಕೊಳ್ಳಕೂಡದೆಂದು ಗಂಡನು ರಾತ್ರಿಯೆಲ್ಲ ಯೋಚಿಸಿ, ಮೊದಲು ಮಕ್ಕಳನ್ನು ಒಪ್ಪಿಸಿ, ಆಮೇಲೆ ಹೆಂಡತಿಗೆ ಹೇಳಿದನು. ಮುಂದೆ ಬರುವ ಸೊಸೆಯರಿಗೆ ಏನಿಡುವುದೆಂದು ಆಕೆ ಕೇಳಿದಳು. ನನ್ನ ಸೇವೆಗೆ ಬಂದುದಲ್ಲವೇ ಎಂದು ಆತನೆಂದಾಗ, ಹಗಲಿರುಳು ಮನೆಯಲ್ಲಿ ನಾನು ದುಡಿದದ್ದು ಸೇವೆಯಲ್ಲವೇ, ಬಂದಬಂದವರಿಗೆಲ್ಲ ಬೇಯಿಸಿಹಾಕಿದವರಾರು ಎಂದು ಮರುಮಾತನಾಡಿದಳು. ಕಾಣಿಕೆಗಳೆಲ್ಲ ಕೊನೆಗೆ ಅಲ್ಲಿನ ಸಮಾಜದ ಹಿತಕ್ಕಾಗಿ ಧರ್ಮನಿಧಿಯಾದುವು. ಆ ಫಲವು ಒಳ್ಳೆಯದೇ. ಆದರೂ ಮಕ್ಕಳನ್ನು ಮೊದಲು ತನ್ನ ಕಡೆ ಮಾಡಿಕೊಂಡು ತಾಯಿಯನ್ನು ಒಂಟಿಮಾಡಿ ಗೆಲ್ಲುವ ಉಪಾಯವು ಗೃಹಸ್ಥರು ಅನುಸರಿಸತಕ್ಕುದಲ್ಲವೆಂದು ನನ್ನ ಅಭಿಪ್ರಾಯ. ಆಕೆಯ ಪ್ರಶ್ನೆಗೆ ಆ ದಿನ ನೇರವಾದ ಉತ್ತರ ದೊರೆಯಲಿಲ್ಲ.

1902ರ ಕೊನೆಯಲ್ಲಿ ಗಾಂಧಿಯವರಿಗೆ ಮತ್ತೆ ಕರೆಬಂದು ಅವರು ಮೊದಲು ಒಬ್ಬರೇ ಹೋದರು. ಸಂಸಾರವು ಆಮೇಲೆ ಹೋಗಿ ಸೇರಿತು. ಈ ಸಾರಿ ಜೋಹಾನ್ಸ್‌ಬರ್ಗಿನಲ್ಲಿ ಮನೆ. ಅಲ್ಲಿ ಏಳು ಪೌಂಡು ಕೊಟ್ಟು ಕೊಂಡ ಕಬ್ಬಿಣದ ಚಕ್ರದ ಬೀಸುವ ಕಲ್ಲಿನಲ್ಲಿ ಗಂಡಸರೂ ಮಕ್ಕಳೂ ಗೋಧಿ ಬೀಸುತ್ತಿದ್ದರು. ಹೆನ್ರಿ ಪೋಲಕ್ ಎಂಬ ಆಂಗ್ಲ ಮಿತ್ರನು ಅದೇ ಮನೆಯಲ್ಲಿ ವಾಸವಾಗಿದ್ದನು. 1905ನೆಯ ಡಿಸೆಂಬರಿನ ಕೊನೆಯಲ್ಲಿ ಅವನ ವಿವಾಹವು ನೋಂದಣಿಯಾಗಬೇಕಾಗಿತ್ತು. ವರನ ಕಡೆಯವರಾಗಿ ನಿಂತವರು ಗಾಂಧಿಯವರು. ಬಿಳಿಯರ ವಿವಾಹಗಳನ್ನು ಮಾತ್ರ ಬರೆದುಕೊಳ್ಳುವ ಆ ಅಧಿಕಾರಿಯು ಗಾಂಧಿಯವರ ಮೈಬಣ್ಣವನ್ನು ನೋಡಿ, ವರನು ಬಿಳಿಯನು ಹೌದೋ ಅಲ್ಲವೋ ಎಂದು ಸಂದೇಹಪಟ್ಟು ನೋಂದಣಿಯನ್ನು ಮುಂದಕ್ಕೆ ಹಾಕಹೊರಟನು. ಮುಖ್ಯ ಮ್ಯಾಜಿಸ್ಟ್ರೇಟರಿಂದ ಚೀಟಿ ತಂದ ಮೇಲೆ ವಿವಾಹವು ದಾಖಲಾಯಿತು. ಆಗ ಎಲ್ಲರೂ ನಕ್ಕು ಮರೆತಿರಬಹುದು. ವಿವಾಹವು ವಿವಾಹವಹುದೋ ಅಲ್ಲವೋ ಎಂದು ನಿರ್ಣಯಿಸುವ ಅಧಿಕಾರವು ಪರದೇಶದಲ್ಲಿ ಮೇಜಿನ ಹಿಂದೆ ಕುಳಿತ ಗುಮಾಸ್ತನ ಕೈಯಲ್ಲಿರುತ್ತದೆಂಬುದಕ್ಕೆ ಅದು ಮೊದಲ ಸೂಚನೆಯಾಗಿತ್ತು.

ಈ ನಡುವೆ 1904ರಲ್ಲಿ ಡರ್ಬನಿನಿಂದ ಹದಿನಾಲ್ಕು ಮೈಲಿ ದೂರದಲ್ಲಿ ನೂರು ಎಕರೆ ನೆಲವನ್ನು ಕೊಂಡು ಫೀನಿಕ್ಸ್ ಆಶ್ರಮವು ಸ್ಥಾಪಿತವಾಗಿತ್ತು. ಬ್ಯಾರಿಸ್ಟರ ದೊಡ್ಡ ಮನೆಯಿಂದ ತಗಡಿನ ಗುಡಿಸಲಿಗೆ ಸಂಸಾರವು ಬಂದಿತು. ಏಷಿಯದವರೆಲ್ಲ ಬೆರಳಚ್ಚು ಕೊಟ್ಟು ರಹದಾರಿ ಪಡೆಯಬೇಕೆಂಬ ಶಾಸನದ ವಿರುದ್ಧ ಗಾಂಧಿಯವರು ಜೈಲಿಗೆ ಹೋಗತೊಡಗಿದರು. 1908ರ ನವೆಂಬರಿನಲ್ಲಿ ಅವರು ಜೈಲಿನಲ್ಲಿದ್ದಾಗ ಫೀನಿಕ್ಸಿನಲ್ಲಿ ಪತ್ನಿಯು ರಕ್ತಸ್ರಾವದಿಂದ ಮರಣಾವಸ್ಥೆಗೆ ಬಂದಿರುವಳೆಂದು ತಿಳಿಯಿತು. ದಂಡ ತೆತ್ತರೆ ಹೊರಬರಬಹುದಾಗಿತ್ತು. ಅದು ವ್ರತಭಂಗವೆಂದು ಬಾರದೆ ಕಾಗದ ಬರೆದರು. ಮುಂದೆ ಡರ್ಬನಿನ ಡಾಕ್ಟರೊಬ್ಬರು ಶಸ್ತ್ರಚಿಕಿತ್ಸೆ ಮಾಡಿದರು. ದೇಹವು ಬಹಳ ಕ್ಷೀಣಿಸಿದ್ದುದರಿಂದ ಮೂರ್ಛೆಯ ಔಷಧವನ್ನು ಕೊಡದೆಯೇ ಮಾಡಬೇಕಾಯಿತು. ಗೋಮಾಂಸದ ಸಾರು ಕೊಡದಿದ್ದರೆ ಬದುಕಲಾರಳೆಂದು ಅವರು ಹೇಳಿದಾಗ ಗಾಂಧಿಯವರು ನಿರ್ಣಯವನ್ನು ಹೆಂಡತಿಗೇ ಬಿಟ್ಟರು. ಆಕೆ ಒಪ್ಪಲಿಲ್ಲ, ಇಲ್ಲಿಂದ ಕರೆದುಕೊಂಡು ಹೋಗಿರೆಂದಳು. ಜಿನುಗುವ ಮಳೆಯಲ್ಲಿ ರಿಕ್ಷಾದಲ್ಲಿ ಸ್ಟೇಷನ್ನಿಗೆ, ಅಲ್ಲಿಂದ ರೈಲಿನಲ್ಲಿ ಫೀನಿಕ್ಸಿಗೆ, ಅಲ್ಲಿಂದ ಜೋಲಿಯಲ್ಲಿ ಮಲಗಿಸಿ ಎರಡೂವರೆ ಮೈಲಿ ಹೊತ್ತು ಮನೆಗೆ ಸೇರಿಸಿದರು. ಹಲವು ವರ್ಷಗಳ ಹಿಂದೆ ಕಾಲಿಗೆ ಬೂಟು ಹಾಕಿಸುವಾಗ ಕೇಳದ ಗಂಡನು ಈಗ ಪ್ರಾಣದ ಪ್ರಶ್ನೆಯಲ್ಲಿ ಕೇಳಿದನು. ಸಂಸಾರದಲ್ಲಿ ನಡೆದ ದೂರವನ್ನು ಇದರಿಂದ ಅಳೆಯಬಹುದು.

ಇನ್ನು ಮುಖ್ಯವಾದ ಸಂಗತಿಗೆ ಬರೋಣ. 1913ನೆಯ ಮಾರ್ಚಿ 14ರಂದು ಕೇಪ್ ಪ್ರಾಂತದ ನ್ಯಾಯಾಧೀಶ ಸರ್ಲ್ ಎಂಬವರು ಒಂದು ತೀರ್ಪನ್ನಿತ್ತರು. ಹಿಂದೂಸ್ಥಾನದಲ್ಲಿ ಮುಸಲ್ಮಾನ ವಿಧಿಯಂತೆ ಮದುವೆಯಾದ ಬಾಯಿ ಮರಿಯಂ ಎಂಬಾಕೆಯನ್ನು ಗಂಡನೊಡನೆ ಇಳಿಯಗೊಡದೆ ಬಂದರಿನಲ್ಲಿ ತಡೆದಿದ್ದರು. ಬಹುಪತ್ನೀತ್ವಕ್ಕೆ ಎಡೆಕೊಡುವ ಧರ್ಮದ ವಿವಾಹಗಳು ಅಲ್ಲಿನ ಕಾನೂನಿಗೆ ವಿವಾಹಗಳೇ ಅಲ್ಲವೆಂಬುದು ತೀರ್ಪಿನ ತಾತ್ಪರ್ಯ. ಹಿಂದೂ, ಮುಸಲ್ಮಾನ, ಪಾರಸಿ ವಿವಾಹಗಳೆಲ್ಲವೂ ಈ ಒಂದೇ ಏಟಿಗೆ ಸಿಕ್ಕುವಂತಿದ್ದುವು. ಸಪ್ತಪದಿ ತುಳಿದು ಮೂವತ್ತು ವರ್ಷ ಬಾಳಿದವಳೂ ಆ ನೆಲದಲ್ಲಿ ಧರ್ಮಪತ್ನಿಯಲ್ಲ. ಆಕೆಯ ಮಕ್ಕಳು ತಂದೆಯ ಆಸ್ತಿಗೆ ವಾರಸುದಾರರೆಂಬುದೂ ನಿಶ್ಚಯವಿಲ್ಲ. ಊರಿಗೆ ಹೋದವಳು ತಿರುಗಿ ಬಂದರೆ ಬಂದರಿನಿಂದಲೇ ಹಿಂದಿರುಗಬೇಕಾದೀತು. ದ್ರೌಪದಿಯು ಸಭೆಯಲ್ಲಿ ಕೇಳಿದಂಥ ಪ್ರಶ್ನೆಯು ಇಲ್ಲಿ ಪ್ರತಿಯೊಂದು ಮನೆಯ ಹೆಣ್ಣಿಗೂ ಬಂದೊದಗಿತು: ನಾನು ಯಾರು?

ಅದುವರೆಗೆ ಸತ್ಯಾಗ್ರಹವು ಬಹುಮಟ್ಟಿಗೆ ಗಂಡಸರ ಕೆಲಸವಾಗಿತ್ತು. ಈ ತೀರ್ಪು ಅದನ್ನು ಅಡಿಗೆಮನೆಯೊಳಕ್ಕೆ ತಂದಿತು. ಗಾಂಧಿಯವರು ಜೈಲಿಗೆ ಹೋಗುವ ವಿಷಯವನ್ನು ಫೀನಿಕ್ಸಿನ ಇತರ ಹೆಂಗಸರೊಡನೆ ಮಾತನಾಡಿದರು. ತಮ್ಮ ಪತ್ನಿಯೊಡನೆ ಬೇಕೆಂದೇ ಆಡಲಿಲ್ಲ. ತಾವು ಹೇಳಿದರೆ ಆಜ್ಞೆಯೆಂದು ತಿಳಿದು ಒಪ್ಪಿಯಾಳೆಂಬ ಸಂಕೋಚ. ಆ ಮಾತುಗಳು ಆಕೆಯ ಕಿವಿಗೆ ಬಿದ್ದುವು. ಜೈಲಿಗೆ ಯೋಗ್ಯಳಾಗದಿರಲು ನನ್ನಲ್ಲಿರುವ ಕೊರತೆಯಾವುದೆಂದು ಆಕೆ ಬಂದು ಕೇಳಿದಳು. ನ್ಯಾಯಸ್ಥಾನದಲ್ಲಿ ನಡುಗಿದರೆ, ಕಷ್ಟ ತಾಳಲಾರದೆ ಕ್ಷಮೆಬೇಡಿ ಬಂದರೆ ಏನುಮಾಡಲೆಂದು ಗಂಡನು ಕೇಳಲು, ಹಾಗೆ ಬಂದರೆ ನನ್ನನ್ನು ಬಿಟ್ಟುಬಿಡಿರೆಂದಳು. ಒಮ್ಮೆ ಗೇಟಿನ ಬಳಿ ಎಲ್ಲಿಗೆ ಹೋಗಲೆಂದು ಅತ್ತವಳು ಈಗ ತಾನೇ ಹೋಗುವ ಸ್ಥಳವನ್ನು ಆರಿಸಿಕೊಂಡಳು.

1913ನೆಯ ಸೆಪ್ಟೆಂಬರ್ 15ರಂದು ಫೀನಿಕ್ಸಿನಿಂದ ಹದಿನಾರು ಮಂದಿಯ ತಂಡವು ಹೊರಟಿತು. ಅದರಲ್ಲಿ ನಾಲ್ವರು ಹೆಂಗಸರು. ಗಾಂಧಿಯವರ ಪತ್ನಿಯೆಂದು ತಿಳಿದರೆ ಸರಕಾರವು ಹಿಡಿಯದೆ ಬಿಟ್ಟೀತೆಂದು ಯಾರೂ ಹೆಸರು ಹೇಳಲಿಲ್ಲ. ನೇಟಾಲಿನ ಗಡಿ ದಾಟಿ ವೋಕ್ಸ್‌ರಸ್ಟಿನಲ್ಲಿ ರಹದಾರಿಯಿಲ್ಲದೆ ಸಿಕ್ಕಿಬಿದ್ದು, ಸೆಪ್ಟೆಂಬರ್ 23ರಂದು ಮೂರು ತಿಂಗಳ ಕಠಿನ ಸಜೆಯನ್ನು ಪಡೆದರು. ಹೆಂಗಸರನ್ನು ಮೆರಿಟ್ಸ್‌ಬರ್ಗಿನ ಜೈಲಿನಲ್ಲಿಟ್ಟರು. ಅಲ್ಲಿನ ಆಹಾರವು ಕಸ್ತೂರಬಾಯಿಯವರ ವ್ರತಕ್ಕೆ ಒಗ್ಗದ್ದು. ಡಿಸೆಂಬರಿನಲ್ಲಿ ಬಿಡುಗಡೆಯಾಗಿ ಬಂದಾಗ ಎಲುಬು ಚರ್ಮಗಳು ಮಾತ್ರ ಉಳಿದಿದ್ದುವು. ಅದೇ ಸಮಯದಲ್ಲಿ ಟ್ರಾನ್ಸ್‌ವಾಲಿನ ತಮಿಳು ಸೋದರಿಯರು ನ್ಯೂಕ್ಯಾಸಲ್ಲಿಗೆ ಹೋಗಿ ಕಲ್ಲಿದ್ದಲ ಗಣಿಗಳ ಕೂಲಿಗಳನ್ನು ಎಬ್ಬಿಸಿದರು. ಕರಾರಿನ ಅವಧಿ ಮುಗಿದ ಕೂಲಿಗಳ ಮೇಲೆ ವರ್ಷಕ್ಕೆ ಮೂರು ಪೌಂಡಿನ ತಲೆಗಂದಾಯವಿತ್ತು. ಅದನ್ನು ತೆಗೆಯಬೇಕೆಂದು ಅವರ ಕೂಗು. ನವೆಂಬರ್ 6ರಂದು ಗಾಂಧಿಯವರ ಹಿಂದೆ ಗಡಿಯ ಕಡೆಗೆ ನಡೆದವರು 2,037 ಗಂಡಸರು, 127 ಹೆಂಗಸರು, 57 ಮಕ್ಕಳು. ದಾರಿಯಲ್ಲಿ ಇಬ್ಬರು ತಾಯಂದಿರ ಹಸುಗೂಸುಗಳು ತೀರಿಕೊಂಡುವು. ತಾಯಂದಿರು ಮಾತ್ರ ನಡೆಯುವುದನ್ನು ನಿಲ್ಲಿಸಲಿಲ್ಲ. ಜೈಲಿನಿಂದ ಜ್ವರದೊಡನೆ ಬಂದ ವಳ್ಳಿಯಮ್ಮೆಯೆಂಬ ಹದಿನಾರು ವರ್ಷದ ಹುಡುಗಿಯು 1914ನೆಯ ಫೆಬ್ರವರಿ 22ರಂದು ಮೃತಳಾದಳು. ಮುಂದೆ ಸರಿಯಾಗಿ ಮೂವತ್ತು ವರ್ಷಗಳಾದ ಮೇಲೆ, 1944ನೆಯ ಫೆಬ್ರವರಿ 22ರಂದೇ, ಕಸ್ತೂರಬಾಯಿಯವರೂ ಪುಣೆಯ ಆಗಾಖಾನ್ ಅರಮನೆಯ ಸೆರೆಯಲ್ಲಿ ಗಂಡನ ತೊಡೆಯ ಮೇಲೆ ಪ್ರಾಣಬಿಟ್ಟರು.

1914ರಲ್ಲಿ ಸರಕಾರವು ಶಾಸನಮಾಡಿ ತಲೆಗಂದಾಯವನ್ನು ತೆಗೆದುಹಾಕಿತು. ಭಾರತೀಯರ ಧರ್ಮಗಳಂತೆ ನಡೆದ ಏಕಪತ್ನೀವಿವಾಹಗಳನ್ನು ಸಿಂಧುವೆಂದು ಒಪ್ಪಿತು. ಆ ವರ್ಷ ಜುಲೈ 18ರಂದು ದಂಪತಿಗಳು ಕೇಪ್‌ಟೌನಿನಿಂದ ಮೂರನೆಯ ತರಗತಿಯಲ್ಲಿ ಇಂಗ್ಲೆಂಡಿಗೆ ಪ್ರಯಾಣಮಾಡಿ, ಮಹಾಯುದ್ಧವು ಮೊದಲಾದ ಎರಡು ದಿನಗಳಲ್ಲಿ ಲಂಡನ್ನನ್ನು ಸೇರಿ, 1915ನೆಯ ಜನವರಿ 9ರಂದು ಮುಂಬಯಿಯಲ್ಲಿಳಿದರು. ಹೋಗುವಾಗ ಒಬ್ಬನು ಮುಂದೆ, ಒಬ್ಬಳು ಹಿಂದೆ. ಬರುವಾಗ ಇಬ್ಬರೂ ಜೈಲುವಾಸಿಗಳು, ಇಬ್ಬರೂ ಸಮಾನರು.

ಈ ಕಥೆಯಲ್ಲಿ ಎಲ್ಲವೂ ಸುಖಾಂತವಲ್ಲ. ಮಕ್ಕಳಿಗೆ ಶಾಲೆಯ ಶಿಕ್ಷಣ ದೊರೆಯಲಿಲ್ಲವೆಂಬ ನೋವು ಹಿರಿಯ ಮಗನಾದ ಹರಿಲಾಲನಲ್ಲಿ ಕೊನೆಯವರೆಗೂ ಉಳಿಯಿತು. ತಂದೆಮಕ್ಕಳ ನಡುವಣ ಬಿರುಕಿನಿಂದ ಹೆಚ್ಚು ನೊಂದವಳು ತಾಯಿ. ಪರದೇಶದ ಸಂಸಾರದಲ್ಲಿ ದಂಪತಿಗಳು ಗೆದ್ದುದಕ್ಕೆ ಕೆಲವೊಮ್ಮೆ ಮಕ್ಕಳು ಬೆಲೆ ತೆರುವರೆಂಬುದನ್ನೂ ಮರೆಯಲಾಗದು.

ನಮ್ಮ ಕಾಲದ ಮನೆಗಳಿಗೆ ಇದರಿಂದ ತಿಳಿಯತಕ್ಕುದೇನು? ಮೊದಲನೆಯದಾಗಿ, ಮಂತ್ರಸಾಕ್ಷಿ ಅಗ್ನಿಸಾಕ್ಷಿಗಳು ನಮಗೆ ಸಾಕು. ಪರರಾಜ್ಯದ ಗುಮಾಸ್ತನಿಗೆ ಸಾಲವು. 2006ರಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವು ವಿವಾಹಗಳೆಲ್ಲವೂ ನೋಂದಣಿಯಾಗಬೇಕೆಂದು ಆದೇಶವಿತ್ತಿರುವುದು. ಹುಡುಗಿಯು ಹೊರಡುವ ಮುನ್ನವೇ ಆ ಪತ್ರವನ್ನು ಪಡೆದು, ಅದರ ಒಂದು ಪ್ರತಿಯನ್ನು ಆಕೆಯ ಸ್ವಂತ ಪೆಟ್ಟಿಗೆಯಲ್ಲಿಡಿಸಬೇಕು. ಎರಡನೆಯದು, ಗಂಡನ ಉದ್ಯೋಗದ ಆಧಾರದಿಂದ ಹೋದ ಹೆಂಡತಿಗೆ ಹಲವು ದೇಶಗಳಲ್ಲಿ ತಾನೇ ಉದ್ಯೋಗಮಾಡಲು ಬೇರೆ ಅನುಮತಿ ಬೇಕಾಗುವುದು. ಇಲ್ಲಿ ಓದಿ ದುಡಿಯುತ್ತಿದ್ದವಳು ಅಲ್ಲಿ ನಾಲ್ಕು ಗೋಡೆಗಳ ನಡುವೆ ಕೂರಬೇಕಾದೀತು. ನಾನು ದುಡಿದದ್ದು ಸೇವೆಯಲ್ಲವೇ ಎಂಬ 1901ರ ಪ್ರಶ್ನೆಯು ಆಕೆಯ ಬಾಯಿಂದ ಬಾರದಿದ್ದರೂ ಮನಸ್ಸಿನಲ್ಲಿರುತ್ತದೆ. ಗಂಡನೂ ಅತ್ತೆಮಾವಂದಿರೂ ಕೇಳದೆಯೇ ಅದಕ್ಕೆ ಉತ್ತರ ಕೊಡತಕ್ಕದ್ದು.

ಮೂರನೆಯದು ಹಿರಿಯರಿಗೆ ಸೇರಿದ್ದು. ಫೋನಿನಲ್ಲಿ ಮಗನೊಡನೆ ಅರ್ಧ ಗಂಟೆ ಮಾತನಾಡಿ, ಸೊಸೆಗೆ ಊಟವಾಯಿತೇ ಎಂದಷ್ಟೇ ಕೇಳಿ ಮುಗಿಸುವವರು ಬಹಳ. ತವರಿಲ್ಲದ ಊರಿನಲ್ಲಿ ಇರುವವಳು ಆಕೆ. ಮುಂದಿನ ಸಾರಿ ಮಾತನಾಡುವಾಗ ಮಗನನ್ನು ಸ್ವಲ್ಪ ಹೊತ್ತು ಹೊರಗೆ ಕಳುಹಿಸಿ, ಸೊಸೆಯನ್ನೇ ಕೂರಿಸಿಕೊಂಡು, ಅಲ್ಲಿ ನಿನಗೆ ಹೇಗಿದೆಯಮ್ಮ ಎಂದು ಕೇಳಿರಿ. ಕೇಳಿದ ಮೇಲೆ ಆಕೆ ಹೇಳುವುದನ್ನು ಕೊನೆಯವರೆಗೆ ಕೇಳಿರಿ.